ರೊಟ್ಟಿ ಬಡಿದರೆ ಕೂಗುವ ಅಂಗಿ

ನಮ್ಮ ಕಡೆ ಕಾಯಿಲೆ ಬಿದ್ದವರನ್ನು ಮಾತಾಡಿಸಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಂದು ಕೈಯಲ್ಲಿ ಬಿಸ್ಕತ್ತಿನ ಪುಡಾ ಇರುತ್ತದೆ, ಬಾಯಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡ ಯಾರದೋ ಸುದ್ದಿ ಇರುತ್ತದೆ. ಬಂದವರು ಮೊದಲು ಕೈ ಹಿಡಿಯುತ್ತಾರೆ. ಆಮೇಲೆ ಹಣೆ ಮುಟ್ಟುತ್ತಾರೆ, ಕಾಲು ಒತ್ತಿ ಬಾವು ಎಷ್ಟಿದೆ ನೋಡುತ್ತಾರೆ, "ಎಷ್ಟ್ ಸೊರಗೀರಿ ಟೀಚರ್ರ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಚಹಾ ಕುಡಿದು ಎದ್ದು ಹೋಗುವ ಹೊತ್ತಿಗೆ ಅವರು ಹಗುರಾಗಿರುತ್ತಾರೆ, ನಾನು ಗೋಡೆಗೆ ಒರಗಿರುತ್ತೇನೆ. ನನ್ನದು ಹೃದಯದ ಕಾಯಿಲೆ. ಆ ದಿನಗಳಲ್ಲಿ ನನ್ನನ್ನು ಹೆಚ್ಚು ದಣಿಸಿದ್ದು ಹೃದಯವೋ ಬಂದುಹೋಗುವವರೋ ಎಂದು ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಲಾರೆ.

ಹಾಗಂತ ಅವರನ್ನು ಬೈಯುತ್ತಿಲ್ಲ. ಮುಟ್ಟಿ ಮಾತಾಡಿಸುವುದು ನಮ್ಮ ಜನರ ಔಷಧ. ಅದನ್ನೇ ಬಿಡಬೇಕಾಗಿ ಬಂದ ಒಂದು ಬೇಸಿಗೆಯ ಕತೆ ಇದು. ಆ ಬೇಸಿಗೆ ನಾನು ತೊಟ್ಟಂಥದ್ದೇ ಅಂಗಿಯನ್ನು ಎದೆಗೆ ಬಿಗಿದುಕೊಂಡು, ಅದು ಯಾವಾಗ ಕೂಗುವುದೋ ಎಂದು ಕಿವಿಗೊಟ್ಟು ಕುಳಿತ ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಸುಜಾತಾ. ಅಫಜಲಪುರ ತಾಲ್ಲೂಕಿನ ಗೊಬ್ಬೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ತವರು ಜೇವರ್ಗಿ ಕಡೆಯದು. ಗಂಡ ಮಿಲಿಂದ ಲೈನ್‌ಮನ್, ಕರೆಂಟಿನ ಕಂಬ ಹತ್ತಿ ಇಳಿಯುವುದೇ ಅವರ ಬದುಕು. ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮನೆಯಲ್ಲಿ ನಮ್ಮಿಬ್ಬರ ಜೊತೆ ಇರುವವರು ಅತ್ತೆ ಚಂದಮ್ಮ. ಅವರು ನನ್ನ ತಂದೆಯ ಅಕ್ಕ ಕೂಡ. ನಾನು ಹುಟ್ಟಿದಾಗ ಮೊದಲು ನೀರು ಹಾಕಿದ ಕೈ ಅವರದು ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಹೀಗಾಗಿ ಅತ್ತೆ ಸೊಸೆ ಎಂಬ ಜಗಳ ನಮ್ಮಲ್ಲಿ ಹೆಚ್ಚಾಗಿ ಉಪ್ಪು ಖಾರದ ಮೇಲೆಯೇ ನಡೆದದ್ದು.

ಸಂಕ್ರಾಂತಿ ಆದ ಮೇಲೆ ಒಂದು ಜ್ವರ ಬಂದು ಹೋಯಿತು. ಜ್ವರ ಹೋಯಿತು, ದಣಿವು ಉಳಿಯಿತು. ಬೋರ್ಡಿನ ಮೇಲೆ ಒಂದು ಪದ್ಯ ಬರೆದು ಮುಗಿಸುವಷ್ಟರಲ್ಲಿ ಉಸಿರು ಮೇಲೆ ಕೆಳಗೆ. ನಾನು ಸುಣ್ಣದ ಕಡ್ಡಿಯ ಧೂಳನ್ನು ಬೈದೆ. ಊರ ಡಾಕ್ಟರು ಗ್ಯಾಸ್ ಎಂದರು, ಇನ್ನೊಬ್ಬರು ದಮ್ಮು ಎಂದು ಬಾಯಿಗೆ ಊದಿಕೊಳ್ಳುವ ಪಂಪು ಕೊಟ್ಟರು. ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತಿ ಹಾಗೇ ನಿಲ್ಲತೊಡಗಿತು. ಆಮೇಲೆ ಮಲಗಿದರೆ ನೀರಲ್ಲಿ ಮುಳುಗಿದ ಹಾಗಾಗಿ, ಗೋಡೆಗೆ ದಿಂಬು ಇಟ್ಟು ಕುಳಿತೇ ನಿದ್ದೆ ಮಾಡತೊಡಗಿದೆ. ಒಂದು ಬೆಳಗ್ಗೆ ಅತ್ತೆ ನನ್ನ ಮುಖ ನೋಡಿ, "ಮಿಲಿಂದ, ಇಕೀನ್ನ ಇವತ್ತ ದೊಡ್ಡ ದವಾಖಾನಿಗಿ ಒಯ್ತಿಯೋ ಇಲ್ಲಾ ನಾನ ಒಯ್ಯಲ್ಯೋ?" ಎಂದರು. ಡ್ಯೂಟಿ ಬಿಟ್ಟು ಮಿಲಿಂದ ಮೊದಲ ಬಸ್ಸಿಗೆ ನಮ್ಮನ್ನು ಕಲಬುರಗಿಗೆ ಕರೆದುಕೊಂಡು ಹೋದರು.

ಹೃದಯದ ಆಸ್ಪತ್ರೆಯಲ್ಲಿ ಎಕೋ ಸ್ಕ್ಯಾನಿನ ಕೋಣೆಯ ಹೊರಗೆ ಕಬ್ಬಿಣದ ಕುರ್ಚಿಗಳ ಸಾಲು. ಅಲ್ಲಿ ಕುಳಿತವರಲ್ಲಿ ಯಾರು ರೋಗಿ, ಯಾರು ಜೊತೆಗೆ ಬಂದವರು ಎಂದು ತಿಳಿಯುವುದಿಲ್ಲ. ಎಲ್ಲರ ಮುಖವೂ ಒಂದೇ ತರಹ ಬಾಡಿರುತ್ತದೆ. ಆಳಂದ ಕಡೆಯಿಂದ ಬಂದ ಒಬ್ಬ ಹೆಂಗಸು ರೊಟ್ಟಿಯ ಗಂಟು ಬಿಚ್ಚಿ, ನನ್ನ ಹೆಸರು ಸಹ ಕೇಳದೆ ಅರ್ಧ ರೊಟ್ಟಿಗೆ ಶೇಂಗಾದ ಹಿಂಡಿ ಹಚ್ಚಿ ಕೊಟ್ಟಳು. "ತಿನ್ನ ಯವ್ವಾ, ಒಳಗ ಹೋದ ಮ್ಯಾಲ ಉಪ್ಪು ಬಂದ್ ಮಾಡ್ತಾರ" ಎಂದಳು. ಅವಳ ಮಾತು ಸುಳ್ಳಾಗಲಿಲ್ಲ. ಉಪ್ಪಿರುವ ಊಟ ಅದೇ ಕೊನೆಯದಾಯಿತು, ಅದಕ್ಕೇ ಅದರ ರುಚಿ ಇನ್ನೂ ನೆನಪಿದೆ.

ಡಾಕ್ಟರು ಪರದೆಯನ್ನು ಬಹಳ ಹೊತ್ತು ನೋಡಿದರು. "ಹಾರ್ಟ್ ಪಂಪಿಂಗ್ ಭಾಳ ಕಮ್ಮಿ ಅದ್ರಿ" ಎಂದು ಒಂದು ಅಂಕಿ ಹೇಳಿದರು. ನನಗೆ ಅಂಕಿ ತಿಳಿಯಲಿಲ್ಲ. ಮಿಲಿಂದರಿಗೆ ತಿಳಿಯಿತು.

"ಇಷ್ಟ ವೋಲ್ಟೇಜಿನ್ಯಾಗ ಮೋಟ್ರ ತಿರಗಂಗಿಲ್ಲ" ಎಂದು ಗೊಣಗಿದರು.

"ಏ ಸುಮ್ಮಕೂಡು ಲೇ. ಅಕಿ ಏನ್ ಬೋರಿನ ಮೋಟ್ರ ಏನು?" ಎಂದು ಅತ್ತೆ ಗದರಿದರು. ಡಾಕ್ಟರು ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ಕಣ್ಣು ಕತ್ತಲೆ ಬಂತು.

ಡಾಕ್ಟರು ಹೇಳಿದ್ದು ಇಷ್ಟು. ಗುಳಿಗೆಗಳು ಕೆಲಸ ಮಾಡಿದರೆ ಮೂರು ತಿಂಗಳಲ್ಲಿ ಹೃದಯ ಚೇತರಿಸಿಕೊಳ್ಳಬಹುದು. ಚೇತರಿಸದಿದ್ದರೆ ಎದೆಯ ಚರ್ಮದ ಒಳಗೆ ಒಂದು ಯಂತ್ರ ಇಡಬೇಕು. ಆದರೆ ಈ ಮೂರು ತಿಂಗಳೇ ಅಪಾಯದ್ದು. ಇಷ್ಟು ಸೋತ ಹೃದಯ ಯಾವ ಘಳಿಗೆಯಲ್ಲಾದರೂ ತಾಳ ತಪ್ಪಿ, ಬರೀ ನಡುಗುತ್ತ ನಿಂತುಬಿಡಬಹುದು. ಆಗ ನಿಮಿಷಗಳಲ್ಲಿ ಕರೆಂಟಿನ ಏಟು ಕೊಡಬೇಕು. ಗೊಬ್ಬೂರಿನಿಂದ ಕಲಬುರಗಿಗೆ ಬರುವಷ್ಟು ಹೊತ್ತು ಅದು ಕಾಯುವುದಿಲ್ಲ. ಅದಕ್ಕೇ ಅಲ್ಲಿಯವರೆಗೆ ಮೈಮೇಲೆ ತೊಡುವ ಒಂದು ಅಂಗಿ ಇದೆ, ಅದು ಹಗಲಿರುಳು ಎದೆಯನ್ನು ಕಾಯುತ್ತದೆ, ಬೇಕಾದಾಗ ತಾನೇ ಏಟು ಕೊಡುತ್ತದೆ, ಬಾಡಿಗೆಗೆ ಸಿಗುತ್ತದೆ, ಹೈದರಾಬಾದಿನಿಂದ ತರಿಸಬೇಕು.

ಹೊರಗೆ ಬಂದ ಮೇಲೆ ಮಿಲಿಂದ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಇಬ್ಬರು ಜೊತೆಗಾರರು ತಂತಿಯ ಮೇಲೆಯೇ ಹೋದದ್ದನ್ನು ಕಂಡ ಮನುಷ್ಯ ಅವರು. "ಕರೆಂಟ್ ಜೀವ ತಗೋತದಂತ ಗೊತ್ತು ನನಗ. ಅದು ಜೀವ ಕೊಡ್ತದಂತ ಹ್ಯಾಂಗ ನಂಬಲಿ ಹೇಳು" ಎಂದರು. ನಾನು ಅವರ ಪಕ್ಕ ಕುಳಿತೆ.

ಹೋಳಿ ಹುಣ್ಣಿಮೆಯ ಮರುವಾರ ಅಂಗಿ ಬಂತು. ತೊಡಿಸಿ ಕಲಿಸಲು ಹೈದರಾಬಾದಿನಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅಂಗಿ ಎಂದರೆ ಬಿಗಿಯಾದ ಕುಬ್ಬಸ ಅಷ್ಟೇ, ರವಿಕೆಯ ಒಳಗೆ, ಬರಿ ಮೈಗೆ ಅಂಟಿಕೊಂಡು ಇರಬೇಕು. ಎದೆಯ ಸುತ್ತ ತಣ್ಣನೆ ಬಿಲ್ಲೆಗಳು, ಬೆನ್ನಿಗೆ ಅಗಲ ಪಟ್ಟಿಗಳು. ಅಲ್ಲಿಂದ ಒಂದು ತಂತಿ ಸೊಂಟದ ಪೆಟ್ಟಿಗೆಗೆ. ಪೆಟ್ಟಿಗೆಗೆ ಎರಡು ಗುಂಡಿ. ಸ್ನಾನದ ಹೊತ್ತು ಬಿಟ್ಟರೆ ತೆಗೆಯುವಂತಿಲ್ಲ. ಎರಡು ಬ್ಯಾಟರಿ, ಒಂದು ಸೊಂಟದಲ್ಲಿ, ಒಂದು ಚಾರ್ಜಿಗೆ. ಕರೆಂಟು ಹೋದರೆ ಏನು ಗತಿ ಎಂದು ನಾನು ಕೇಳುವ ಮೊದಲೇ ಮಿಲಿಂದ ಅದಕ್ಕೊಂದು ಇನ್ವರ್ಟರು ಕಟ್ಟಿ ಮುಗಿಸಿದ್ದರು. ಹೆಂಡತಿಯ ಜೀವ ಚಾರ್ಜಿಗೆ ಹಾಕಿದ ಲೈನ್‌ಮನ್ ಊರಿಗೆ ಒಬ್ಬರೇ ಇರಬೇಕು.

ಆ ಹೆಣ್ಣುಮಗಳು ಹಿಂದಿಯಲ್ಲಿ ನಿಯಮ ಹೇಳಿದಳು. ನಾನು ಕನ್ನಡದಲ್ಲಿ ಅತ್ತೆಗೆ ಹೇಳಿದೆ. ಹೃದಯ ತಾಳ ತಪ್ಪಿದೆ ಎಂದು ಅನುಮಾನ ಬಂದರೆ ಅಂಗಿ ಮೊದಲು ಬೆನ್ನಲ್ಲಿ ನಡುಗುತ್ತದೆ, ಆಮೇಲೆ ಸೈರನ್ನು ಕೂಗುತ್ತದೆ. ನನಗೆ ಎಚ್ಚರ ಇದ್ದರೆ ನಾನು ಎರಡೂ ಗುಂಡಿ ಒಟ್ಟಿಗೆ ಒತ್ತಿ ಹಿಡಿಯಬೇಕು. ಒತ್ತಿದರೆ, ಇವಳು ಎಚ್ಚರದಲ್ಲಿದ್ದಾಳೆ, ಏಟು ಬೇಡ ಎಂದು ಯಂತ್ರಕ್ಕೆ ತಿಳಿಯುತ್ತದೆ. ಒತ್ತದಿದ್ದರೆ ಎಚ್ಚರ ತಪ್ಪಿದೆ ಎಂದು ತಿಳಿದು ಏಟು ಕೊಡುತ್ತದೆ. ಆದ್ದರಿಂದ ಗುಂಡಿ ನಾನೇ ಒತ್ತಬೇಕು, ಬೇರೆ ಯಾರೂ ಒತ್ತಬಾರದು. ಏಟಿನ ಹೊತ್ತಿಗೆ ನನ್ನನ್ನು ಯಾರೂ ಮುಟ್ಟಬಾರದು. ಮುಟ್ಟಬೇಡಿ ಎಂದು ಯಂತ್ರವೇ ಹಿಂದಿಯಲ್ಲಿ ಕೂಗಿ ಹೇಳುತ್ತದೆ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಯ ಮಾತಿಗೆ ಸಣ್ಣಗೆ ನಕ್ಕರು.

"ಸಣ್ಣಾಕಿದ್ದಾಗ ಬಾವಿ ಕಟ್ಟಿ ಮ್ಯಾಲಿಂದ ಬೊಗಸಿಗಿ ನೀರ ಹನಿಸ್ತಿದ್ರು. ಮುಟ್ಟಬ್ಯಾಡ, ಮುಟ್ಟಬ್ಯಾಡ ಅಂತ ಕೇಳಿ ಕೇಳಿ ಅರ್ಧಾ ಆಯುಷ್ಯ ಹೋಯ್ತು. ಬಾಬಾಸಾಹೇಬ್ರ ಪುಣ್ಯಾ, ಮುಂದ ಯಾರ ಬಾಯಾಗೂ ಕೇಳಬಾರದಂತ ಅನಕೊಂಡಿದ್ದೆ. ಈಗ ನನ್ನ ಮನ್ಯಾಗ, ನನ್ನ ತಮ್ಮನ ಮಗಳ್ನ ಮುಟ್ಟಬ್ಯಾಡ ಅಂತ ಡಬ್ಬಿ ಹೇಳ್ತದಲ್ಲ ಬೇ!"

ಹೈದರಾಬಾದಿನವಳು, ಅವರು ಏನಂದರು ಎಂದು ಕೇಳಿದಳು. ಅರ್ಥವಾಗಿದೆ ಎಂದರು ಎಂದು ಹೇಳಿ ಮುಗಿಸಿದೆ. ಎಲ್ಲವನ್ನೂ ಎಲ್ಲರಿಗೂ ಹೇಳಲು ಆಗುವುದಿಲ್ಲ.

ಬಿಸಿಲು ಏರಿತು. ನಮ್ಮ ಕಡೆಯ ಬೇಸಿಗೆ ಕಂಡವರಿಗೆ, ರವಿಕೆಯೊಳಗೆ ಇನ್ನೊಂದು ಅಂಗಿ ಎಂದರೆ ಏನೆಂದು ವಿವರಿಸಬೇಕಿಲ್ಲ. ಬೆವರು, ತುರಿಕೆ, ಬಿಲ್ಲೆಯ ಕೆಳಗೆ ಕೆಂಪು ಗುಳ್ಳೆ. ಬಾಯಾರಿದರೆ ನೀರು ಕುಡಿಯುವಂತಿಲ್ಲ, ದಿನಕ್ಕೆ ಇಷ್ಟೇ ಎಂದು ಒಂದು ತಂಬಿಗೆಯಲ್ಲಿ ಅತ್ತೆ ಅಳೆದಿಡುತ್ತಿದ್ದರು. ಉಪ್ಪಿಲ್ಲದ ಪುಂಡಿಪಲ್ಯ. ಗುಳಿಗೆ ನುಂಗಿದರೆ ತಲೆ ಸುತ್ತು, ನುಂಗದಿದ್ದರೆ ಉಸಿರು ಸುತ್ತು. ಎದ್ದು ಬಚ್ಚಲಿಗೆ ಹೋಗಿ ಬಂದರೆ ಹೊಲ ಉತ್ತು ಬಂದಷ್ಟು ಸುಸ್ತು. ಮಗಳು ದಿನಾ ಫೋನು ಮಾಡಿ, "ಮಮ್ಮಿ, ಅರಾಮ ಇದ್ದೀ?" ಎಂದು ಕೇಳುತ್ತಿದ್ದಳು. ಅರಾಮ ಎನ್ನುತ್ತಿದ್ದೆ. ಆ ಒಂದು ಪದ ಹೇಳುವುದಕ್ಕೂ ಬೇಸರ ಬರುವಷ್ಟು ದಣಿದಿದ್ದೆ.

ಈ ನಡುವೆ ನನಗೆ ಉಳಿದಿದ್ದ ಒಂದೇ ಹಟ ರೊಟ್ಟಿ. ಅತ್ತೆಯ ಬಲಭುಜ ಹಿಡಿದುಕೊಂಡು ಎರಡು ವರ್ಷವಾಗಿತ್ತು, ಅವರಿಗೆ ಹಿಟ್ಟು ನಾದಲು ಬರುತ್ತಿತ್ತು, ಬಡಿಯಲು ಆಗುತ್ತಿರಲಿಲ್ಲ. ಪಕ್ಕದ ಮನೆಯ ಮೆಹಬೂಬಿ ತಾನು ಬಡಿದುಕೊಡುತ್ತೇನೆ ಎಂದಳು. ಖಾನಾವಳಿಯಿಂದ ತರುತ್ತೇನೆ ಎಂದು ಮಿಲಿಂದ ಹೇಳಿದರು. ಕುಳಿತು ಮಾಡುವ ಹಗುರ ಕೆಲಸ ಮಾಡಬಹುದು ಎಂದು ಡಾಕ್ಟರು ಹೇಳಿದ್ದರು. ನಾನು ಬೆಳಗಿನ ತಂಪಿನಲ್ಲಿ ಹಿಟ್ಟಿನ ಪರಾತದ ಮುಂದೆ ಕುಳಿತು ಎರಡೋ ಮೂರೋ ರೊಟ್ಟಿ ಬಡಿಯುತ್ತಿದ್ದೆ. ಸಾಲೆ ಬಿಟ್ಟಾಯಿತು, ಸಂತೆ ಬಿಟ್ಟಾಯಿತು, ಗಂಡನ ಪಕ್ಕ ಮಲಗುವುದು ಬಿಟ್ಟಾಯಿತು. ಇದೊಂದನ್ನೂ ಬಿಟ್ಟರೆ ನಾನು ಬರೀ ಎದೆ, ಉಳಿದದ್ದು ಏನೂ ಅಲ್ಲ ಅನ್ನಿಸುತ್ತಿತ್ತು.

ಮೊದಲ ದಿನವೇ ಅಂಗಿ ಕೂಗಿತು. ಎರಡೂ ಅಂಗೈ ಹಿಟ್ಟಿನ ಮೇಲೆ ಪಟಪಟ ಬೀಳುವಾಗ ಭುಜ, ಎದೆ ಎಲ್ಲ ಒಂದೇ ತಾಳದಲ್ಲಿ ಅಲುಗುತ್ತವೆ. ಆ ಅಲುಗಾಟವನ್ನೇ ಯಂತ್ರ ಹೃದಯದ ನಡುಕ ಎಂದುಕೊಂಡಿತ್ತು. ಬೆನ್ನು ನಡುಗಿತು, ಸೈರನ್ನು ಬಡಿದುಕೊಂಡಿತು, ಅತ್ತೆ ಬಾಗಿಲಲ್ಲಿ ಕಿರುಚಿದರು, ನಾನು ಹಿಟ್ಟಿನ ಕೈಯಲ್ಲೇ ಗುಂಡಿ ಒತ್ತಿದೆ. ಅದು ಸುಮ್ಮನಾಯಿತು. ಹೈದರಾಬಾದಿಗೆ ಫೋನು ಮಾಡಿ ಕೇಳಿದರೆ, ಪಟ್ಟಿ ಬಿಗಿ ಮಾಡಿಕೊಳ್ಳಿ, ಮೈ ಬಹಳ ಅಲುಗಿದರೆ ಹೀಗಾಗುತ್ತದೆ ಎಂದು ಹೇಳಿದರು. ಸಂಜೆ ಮಿಲಿಂದ ಸೂಜಿ ಹಿಡಿದು ಗುಂಡಿಯ ಸಂದಿಯಲ್ಲಿ ಒಣಗಿದ ಹಿಟ್ಟು ಕೆದಕುತ್ತ ಕುಳಿತರು. "ಇದರಾಗ ಹಿಟ್ಟ ಹೋದ್ರ ಮಷಿನ್ ಕೆಡ್ತದ ಸುಜಾತಾ. ಹೇಳಿದ್ದ ಕೇಳು. ಕೈ ತೊಳ್ಕೊಂಡು ಮುಟ್ಟು."

ಸೈರನ್ನು ಕೂಗುವಾಗ ಕೈ ತೊಳೆಯಲು ಯಾರಿಗೆ ಪುರಸೊತ್ತು? ಎರಡು ದಿನ ಬಿಟ್ಟು ಮತ್ತೆ ಕೂಗಿದಾಗ ನಾನು ಹಿಟ್ಟಿನ ಕೈ ಎರಡನ್ನೂ ಮೇಲೆತ್ತಿ, "ಅತ್ತೀ, ನೀವ ಒತ್ರಿ!" ಎಂದೆ. ಪಕ್ಕದಲ್ಲಿ ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದ ಅತ್ತೆ ಎರಡೂ ಹೆಬ್ಬೆರಳಿನಿಂದ ಒತ್ತಿದರು. ಸುಮ್ಮನಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಆಮೇಲೆ ಅದೇ ರೂಢಿಯಾಯಿತು. ಅಂಗಿ ಕೂಗಿದರೆ ಅತ್ತೆ ಒತ್ತುವುದು, ಬಾಯಲ್ಲಿ "ಆಯ್ತಪಾ, ಆಯ್ತು, ಸುಮ್ಮಕೂಡು" ಎಂದು ಅಳುವ ಕೂಸಿಗೆ ಹೇಳಿದಂತೆ ಹೇಳುವುದು. ಡಬ್ಬಿಗೆ ಅವರು ಕಿರಿಕಿರಿ ಕೂಸು ಎಂದು ಹೆಸರಿಟ್ಟಿದ್ದರು. ಮೆಹಬೂಬಿ ಬಂದಾಗಲೂ ಒಂದು ಸಲ ಹಾಗೇ ಆಗಿ, ಅತ್ತೆ ಹೆಮ್ಮೆಯಿಂದ ಒತ್ತಿ ತೋರಿಸಿದರು. ಯಾರೂ ಒತ್ತಬಾರದು ಎಂಬ ನಿಯಮವನ್ನು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದವಳು ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಏಪ್ರಿಲ್‌ನಲ್ಲಿ ಜಯಂತಿ ಬಂತು. ಬಾಬಾಸಾಹೇಬರ ಜಯಂತಿ ಎಂದರೆ ನಮ್ಮ ಓಣಿಯಲ್ಲಿ ಮನೆಗಳು ಖಾಲಿ. ಬಿಳಿ ಸೀರೆ, ನೀಲಿ ಬಾವುಟ, ಎದೆಗೂಡಿಗೆ ಬಡಿಯುವ ಡಿಜೆ. ಅತ್ತೆ ಮೆರವಣಿಗೆ ತಪ್ಪಿಸಿದವರಲ್ಲ, ಭುಜ ಹಿಡಿದ ವರ್ಷವೂ ಎಡಗೈಯಲ್ಲಿ ಬಾವುಟ ಹಿಡಿದು ನಡೆದವರು. ಆ ವರ್ಷ ಬಿಳಿ ಸೀರೆ ಉಟ್ಟು ನನ್ನ ಪಕ್ಕದಲ್ಲೇ ಕುಳಿತರು. ಹೋಗಿ ಬನ್ನಿ ಎಂದರೆ ಕೇಳಲಿಲ್ಲ. "ಹೋದ ವರ್ಷದ್ದ ಕಂಡೇನಿ, ಮುಂದಿನ ವರ್ಷದ್ದ ಕಾಣತೇನಿ. ನಡಬರಕ ಒಂದ್ ವರ್ಷ ನಿನಗ" ಎಂದರು. ಮಿಲಿಂದರನ್ನು ಬಲವಂತವಾಗಿ ಕಳಿಸಿದ್ದೆವು. ನಾನು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಮೆರವಣಿಗೆ ತಿರುವಿಗೆ ಬರುವುದನ್ನು ಕಾಯುತ್ತಿದ್ದೆ. ಡಿಜೆಯ ಸದ್ದು ಹತ್ತಿರವಾಗುತ್ತಿತ್ತು.

ನನಗೆ ಗೊತ್ತಿರುವುದು ಅಷ್ಟೇ. ಮುಂದಿನದನ್ನು ನಾನು ಕಂಡಿಲ್ಲ, ಅತ್ತೆ ಹೇಳಿದ್ದು.

ಅಂಗಿ ಕೂಗಿತು. ಅತ್ತೆಗೆ ಗಾಬರಿಯಾಗಲಿಲ್ಲ. ಡಿಜೆಗೆ ಮೈ ಅಲುಗಿ ಕೂಸು ಎದ್ದಿದೆ ಎಂದುಕೊಂಡರು. ಬಾಗಿ ಎರಡೂ ಹೆಬ್ಬೆರಳು ಇಟ್ಟು ಒತ್ತಿ ಹಿಡಿದರು, "ಆಯ್ತಪಾ, ಆಯ್ತು" ಎಂದರು. ಕೂಗು ನಿಂತಿತು. ನಾನು ನಗುತ್ತೇನೆಂದು ನನ್ನ ಮುಖ ನೋಡಿದರು. ನನ್ನ ಕುತ್ತಿಗೆ ಒಂದು ಕಡೆ ವಾಲಿತ್ತು, ಕಣ್ಣು ಮೇಲೆ ಸಿಕ್ಕಿದ್ದವು. "ಸುಜಾತಾ, ಏ ಸುಜಾತಾ" ಎಂದರು. ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇದ್ದವು. ನಾನು ಸಾಯುತ್ತಿದ್ದೆ, ಇವಳು ಎಚ್ಚರ ಇದ್ದಾಳೆ, ಏಟು ಬೇಡ ಎಂದು ಅತ್ತೆಯ ಕೈ ಯಂತ್ರಕ್ಕೆ ಹೇಳುತ್ತಿತ್ತು.

ನಮ್ಮ ಕಡೆ ಯಾರಾದರೂ ಎಚ್ಚರ ತಪ್ಪಿದರೆ ಮಾಡುವುದು ಒಂದೇ. ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಒಡೆದು ಮೂಗಿಗೆ ಹಿಡಿಯುವುದು. ಮೂರ್ಛೆ ಇರಲಿ, ಬಿಸಿಲು ಬಡಿದಿರಲಿ, ಸಿಟ್ಟಿಗೆ ಬಿದ್ದಿರಲಿ, ಮದ್ದು ಅದೇ. ಓದಿದವಳೆಂದು ನಾನು ಅದನ್ನು ಎಷ್ಟು ಸಲ ಆಡಿಕೊಂಡಿದ್ದೆನೋ. ಅತ್ತೆ ಗುಂಡಿ ಬಿಟ್ಟು ಉಳ್ಳಾಗಡ್ಡಿ ತರಲು ಅಡುಗೆಮನೆಗೆ ಓಡಿದರು.

ಕೈ ಬಿಟ್ಟ ಕೂಡಲೇ ಅಂಗಿ ಮತ್ತೆ ಕೂಗತೊಡಗಿತು. ಅವರು ಒಳಕಲ್ಲಿನ ಮೇಲೆ ಉಳ್ಳಾಗಡ್ಡಿ ಇಟ್ಟು ಎಡಗೈಯಿಂದ ಗುದ್ದಿ ಒಡೆಯುವಷ್ಟರಲ್ಲಿ ಹಿಂದಿಯ ದನಿ ಬಂತಂತೆ. ಮುಟ್ಟಬೇಡಿ, ಮುಟ್ಟಬೇಡಿ. ಅವರು ಬಾಗಿಲಿಗೆ ಬಂದು ನಿಂತಾಗ ನನ್ನ ಮೈ ಕುರ್ಚಿಯಿಂದ ಒಮ್ಮೆ ಮೇಲೆದ್ದು ಬಿತ್ತಂತೆ. ಓಡಿ ಬಂದು ಅಪ್ಪಿಕೊಳ್ಳಬೇಕೆಂದು ಇಡೀ ಜೀವ ಹೇಳುತ್ತಿತ್ತು, ಕಾಲು ಮಾತ್ರ ಆ ದನಿಗೆ ನಿಂತುಬಿಟ್ಟವು ಎಂದು ಆಮೇಲೆ ಹೇಳಿದರು.

ನಾನು ಕಣ್ಣು ಬಿಟ್ಟಾಗ ಎದೆಯೆಲ್ಲ ಒದ್ದೆ. ಏಟಿಗೆ ಮೊದಲು ಚರ್ಮ ಸುಡದಿರಲೆಂದು ಅಂಗಿ ಬಿಡುವ ಅಂಟು ನೀರು ಅದು. ಎದೆಯ ಮೇಲೆ ಎತ್ತು ಒದ್ದಂಥ ನೋವು. ಗಾಳಿಯಲ್ಲಿ ಉಳ್ಳಾಗಡ್ಡಿಯ ವಾಸನೆ. ಹೊರಗೆ ಡಿಜೆ ನಮ್ಮ ಬಾಗಿಲನ್ನು ದಾಟಿ ಹೋಗುತ್ತಿತ್ತು, ಅಷ್ಟು ಜನರಲ್ಲಿ ಒಬ್ಬರಿಗೂ ಸೈರನ್ನು ಕೇಳಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಬಿಳಿ ಸೀರೆಯ ಅತ್ತೆ, ಒಡೆದ ಉಳ್ಳಾಗಡ್ಡಿ ಹಿಡಿದು, ಕಲ್ಲಾಗಿ ನಿಂತಿದ್ದರು. "ಅತ್ತೀ, ನೀರ" ಎಂದೆ. ಆಗ ಅವರು ಕೂಗಿದ ಕೂಗಿಗೆ ಮೆಹಬೂಬಿ ಓಡಿ ಬಂದಳು.

ಮೆರವಣಿಗೆಯಿಂದ ಓಡಿ ಬಂದ ಮಿಲಿಂದ ತಂದ ಕ್ರೂಸರ್ ಗಾಡಿಯಲ್ಲಿ ಕಲಬುರಗಿಗೆ ಹೊರಟೆವು. ನನ್ನ ತಲೆ ಮಿಲಿಂದರ ತೊಡೆಯ ಮೇಲಿತ್ತು. ಅತ್ತೆ ಮುಂದೆ ಡ್ರೈವರ್ ಪಕ್ಕ ಕುಳಿತಿದ್ದರು. ಯಾರೂ ಕೇಳದೆಯೇ, ಹಿಂದೆ ತಿರುಗದೆಯೇ ಹೇಳಿದರು.

"ಗುಂಡಿ ನಾ ಒತ್ತಿದ್ದೆ ಮಿಲಿಂದ. ಉಳ್ಳಾಗಡ್ಡಿ ಎದುರಿಗೇ ಸಿಕ್ಕಿದ್ರ ಒಂದ ಕೈಲೆ ಅದನ್ನ ಹಿಡದು ಇನ್ನೊಂದ ಕೈಲೆ ಎರಡೂ ಗುಂಡಿ ಒತ್ತಿ ಹಿಡೀತಿದ್ದೆ. ಇಕೀನ್ನ ನಾನ ಕೊಲ್ತಿದ್ದೆ."

"ಯವ್ವಾ, ಹಂಗ ಅನಬ್ಯಾಡ" ಎಂದರು ಮಿಲಿಂದ. ಒತ್ತಲು ಹೇಳಿದವಳು ನಾನು ಎಂದು ನಾನೂ ಹೇಳಿದೆ. ಕೇಳಿಸಿತೋ ಇಲ್ಲವೋ.

ಆಸ್ಪತ್ರೆಯಲ್ಲಿ ಡಾಕ್ಟರು ಇನ್ನು ಕಾಯುವ ಮಾತಿಲ್ಲ, ಒಳಗೆ ಯಂತ್ರ ಇಡಲೇಬೇಕು ಎಂದರು. ಆದರೆ ಎದೆಯಲ್ಲಿ ನೀರು ತುಂಬಿತ್ತು, ಜ್ವರವೂ ಶುರುವಾಗಿತ್ತು. ಜ್ವರ ಇಳಿಯುವವರೆಗೆ ಚರ್ಮ ಕೊಯ್ಯುವಂತಿಲ್ಲ. ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಮತ್ತೆ ಅದೇ ತರಹದ ಹೊಸ ಅಂಗಿ ತೊಡಿಸಿದರು. ಇವತ್ತು ಇಳಿಯುತ್ತದೆ, ನಾಳೆ ಇಳಿಯುತ್ತದೆ ಎಂದು ಕಾಯುತ್ತ ಮಲಗಿದೆ. ಆ ಕಾಯುವಿಕೆಯಲ್ಲಿ ಭಯವೂ ಸವೆದುಹೋಯಿತು. ಭಯಪಡಲಿಕ್ಕೂ ಶಕ್ತಿ ಬೇಕು ಎಂದು ನನಗೆ ತಿಳಿದದ್ದು ಆಗಲೇ.

ಅತ್ತೆ ವಾರ್ಡು ಬಿಟ್ಟು ಹೋಗಲಿಲ್ಲ. ಆದರೆ ನನ್ನ ಹತ್ತಿರವೂ ಬರಲಿಲ್ಲ. ಎದುರು ಗೋಡೆಗೆ ಒರಗಿ ನೆಲದ ಮೇಲೆ ಕುಳಿತು ಅಂಗಿಯನ್ನೇ ನೋಡುತ್ತಿದ್ದರು. ದಿಂಬು ಸರಿಪಡಿಸಲು ನರ್ಸನ್ನು ಕರೆಯುತ್ತಿದ್ದರು, ಕಾಲು ಒತ್ತಲು ಮೆಹಬೂಬಿ ಬರುವವರೆಗೆ ಕಾಯುತ್ತಿದ್ದರು. ಒಂದು ಸಂಜೆ ಚಹಾ ತಂದರು. ಕೈ ಚಾಚಿದೆ. ಅವರು ಲೋಟವನ್ನು ನನ್ನ ಕೈಗೆ ಕೊಡದೆ, ಮಂಚದ ಪಕ್ಕದ ಕಪಾಟಿನ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದರು.

ಆ ಲೋಟ ನೋಡಿ ನನಗೆ ಅಳು ತಡೆಯಲಾಗಲಿಲ್ಲ. ಹೃದಯ ನಿಂತಾಗ ನಾನು ಅತ್ತಿರಲಿಲ್ಲ. "ನನ್ನ ಕೈಯಾಗ ಕೊಡ್ರಿ ಅತ್ತೀ. ಹಿಂಗ ದೂರ ಇಡಬ್ಯಾಡ್ರಿ. ನಿಮ್ಮ ಕೈಲೇ ನನಗ ಹಿಂಗ ಮಾಡಬ್ಯಾಡ್ರಿ" ಎಂದೆ.

ಅವರಿಗೂ ಅರ್ಥವಾಯಿತು. ಲೋಟವನ್ನೇ ನೋಡುತ್ತ ನಿಂತರು. "ಅವ್ರು ಸೊಕ್ಕಿಗಿ ಇಡ್ತಿದ್ರು. ನಾ ಅಂಜಿ ಇಟ್ಟೇನಿ ಬೇ" ಎಂದರು. ಆದರೂ ಹತ್ತಿರ ಬರಲಿಲ್ಲ. ಚಹಾ ಕೆನೆಗಟ್ಟಿ ತಣ್ಣಗಾಯಿತು.

ಕೊನೆಗೂ ಜ್ವರ ಇಳಿಯಿತು. ಎಡ ಎದೆಯ ಮೇಲೆ, ಚರ್ಮದ ಒಳಗೆ ಯಂತ್ರ ಇಟ್ಟರು. ಈಗಲೂ ಅದು ಅಲ್ಲೇ ಇದೆ, ಬೆರಳಾಡಿಸಿದರೆ ಅಂಚು ಸಿಗುತ್ತದೆ. ಹೃದಯ ಪೂರ್ತಿ ಸುಧಾರಿಸಿಲ್ಲ, ಸುಧಾರಿಸುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಸಾಲೆಗೆ ಹೋಗುತ್ತೇನೆ, ಕುರ್ಚಿಯಲ್ಲಿ ಕುಳಿತು ಪಾಠ ಮಾಡುತ್ತೇನೆ, ಬೋರ್ಡಿನ ಮೇಲೆ ಮಕ್ಕಳೇ ಬರೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದಣಿವು ಬಂದು ಪಕ್ಕದಲ್ಲಿ ಕೂಡುತ್ತದೆ, ಅದಕ್ಕೂ ಜಾಗ ಬಿಟ್ಟು ಕೂಡುವುದು ಕಲಿತಿದ್ದೇನೆ. ರೊಟ್ಟಿ ಮೆಹಬೂಬಿ ಬಡಿಯುತ್ತಾಳೆ. ಅಂಗಿ ತೊಟ್ಟವರಿಗೆ ನಾನು ಹೇಳುವುದು ಒಂದೇ. ಗುಂಡಿಯನ್ನು ಯಾರ ಕೈಗೂ ಕೊಡಬೇಡಿ, ಎಷ್ಟೇ ಪ್ರೀತಿಯ ಕೈ ಆದರೂ. ಹಿಟ್ಟು ಮೆತ್ತಿದರೆ ಮೆತ್ತಲಿ.

ಯಂತ್ರ ಇಟ್ಟ ಮಾರನೆಯ ದಿನದ ಬೆಳಗ್ಗೆ ಡಾಕ್ಟರು ಗಾಯ ನೋಡಲು ಬಂದರು. ಎಡಗೈಯನ್ನು ಕೆಲವು ವಾರ ಭುಜಕ್ಕಿಂತ ಮೇಲೆ ಎತ್ತಬಾರದು ಎಂದು ನನಗೆ ಹೇಳುತ್ತಿದ್ದರು. ಗೋಡೆಯ ಕಡೆಯಿಂದ ಅತ್ತೆ ಎದ್ದು ಬಂದು ಅವರ ಹಿಂದೆ ನಿಂತರು.

"ಸಾಹೇಬ್ರ, ಇದರ ಗುಂಡಿ ಎಲ್ಲದ್ರಿ?"

"ಇದಕ್ಕ ಗುಂಡಿ ಇಲ್ಲಮ್ಮ. ಒಳಗ ತನ್ನಷ್ಟಕ್ಕ ತಾನ ಮಾಡ್ತದ."

"ಯಾರೂ ಏನೂ ಒತ್ತಂಗಿಲ್ಲ?"

"ಏನೂ ಒತ್ತಂಗಿಲ್ಲ."

ಅತ್ತೆ ಒಂದು ಹೆಜ್ಜೆ ಮುಂದೆ ಬಂದರು. "ಅದು ಏಟ ಕೊಡೂ ಮುಂದ ಇಕೀನ್ನ ಮುಟ್ಟಿದ್ರ?"

"ಮುಟ್ಟ್ರಿ. ಹಿಡಕೊಂಡ ಕೂಡ್ರಿ. ನಿಮಗೂ ಏನೂ ಆಗಂಗಿಲ್ಲ, ಅಕೀಗೂ ಏನೂ ಆಗಂಗಿಲ್ಲ."

"ಯಾವಾಗಾದ್ರೂ ಮುಟ್ಟಬಹುದೇನ್ರಿ?"

ಡಾಕ್ಟರಿಗೆ ಈ ಪ್ರಶ್ನೆ ಯಾಕೆಂದು ತಿಳಿಯಲಿಲ್ಲ. "ಯಾವಾಗ ಬೇಕಾದ್ರೂ ಮುಟ್ಟ್ರಿ ಅಮ್ಮ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು.

ಅತ್ತೆ ವಾರ್ಡಿನ ಮೂಲೆಯ ನಲ್ಲಿಯಲ್ಲಿ ಕೈ ತೊಳೆದುಕೊಂಡರು. ಸೆರಗಿನಲ್ಲಿ ಒರೆಸಿಕೊಂಡರು. ಮಂಚ ಹತ್ತಿ ನನ್ನ ಹಿಂದೆ ಕುಳಿತರು. ಆಸ್ಪತ್ರೆಗೆ ಬಂದ ದಿನದಿಂದ ನನ್ನ ಕೂದಲಿಗೆ ಬಾಚಣಿಗೆ ತಾಗಿರಲಿಲ್ಲ, ಎಲ್ಲ ಜಡೆಗಟ್ಟಿತ್ತು. ಅವರ ಬೆರಳು ಮೊದಲು ನನ್ನ ನೆತ್ತಿಯ ಮೇಲೆ ಬಂದು ಹಾಗೇ ನಿಂತಿತು. ಎಲ್ಲಿಂದಲೂ ಯಾವ ಕೂಗೂ ಬರಲಿಲ್ಲ. ಆಮೇಲೆ ಒಂದೊಂದೇ ಗಂಟು ಬಿಡಿಸತೊಡಗಿದರು. ಭುಜ ನೋಯುತ್ತಿತ್ತೇನೋ, ನಡುನಡುವೆ ಉಸಿರು ಬಿಡುತ್ತಿದ್ದರು.

ನಾನು ತಿರುಗಿ ಅವರ ಮುಖ ನೋಡಲು ಹೋದೆ.

"ಅಲಗಾಡಬ್ಯಾಡ ಬೇ" ಎಂದು ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ತಿರುಗಿಸಿದರು. ತಿರುಗಿಸಿದ ಮೇಲೂ ಬಹಳ ಹೊತ್ತು ಕೈ ಬಿಡಲಿಲ್ಲ.